ನಾಲ್ಕು ಬೈಟು

ಹೋಬಾರ್ಟಿನಲ್ಲಿ ಜುಲೈ.
ಬೆಟ್ಟದ ನೆತ್ತಿಗೆ ಹಿಮ, ಬಂದರಿಗೆ ಗಾಳಿ,
ಮೂರನೇ ಮಹಡಿಯ ನಮ್ಮ ಕೋಣೆಗೆ
ಒಂದೇ ಹೀಟರು, ಅದಕ್ಕೂ ಮುನಿಸು.
ಮೂರು ವಾರದಿಂದ ಮೇಜಿನ ಮೇಲೆ
ಚಹಾದ ಕಲೆಯ ಹಾಗೆ ಕೂತಿದೆ ಪ್ರಶ್ನೆ:
ಇದ್ದದ್ದನ್ನೇ ಎಳೆದು ಹಿಗ್ಗಿಸುವುದೋ,
ಮೊದಲಿನಿಂದ ಹೊಸದು ಬರೆಯುವುದೋ.

ಇದ್ದದ್ದು ಅಂದರೆ ಡೆನ್ಝಿಲ್ ಟ್ರೆಗೆಂಜಾ ಕಟ್ಟಿದ್ದು,
ಎಂಬತ್ತೊಂಬತ್ತರಲ್ಲಿ, ಒಬ್ಬರೇ, ಎರಡು ಚಳಿಗಾಲ ಕೂತು.
ಮಂಜಿನಡಿಯ ಮೈಕುಗಳು ಕೇಳಿಸಿಕೊಂಡದ್ದನ್ನೆಲ್ಲ
ಡಿಸ್ಕಿನ ಮೇಲೆ ಸಾಲಾಗಿ ಕೂರಿಸುವ ಫೈಲ್ ಸಿಸ್ಟಮ್.
ತಿಮಿಂಗಿಲದ ಕೂಗು, ಮಂಜುಗಡ್ಡೆ ಬಿರಿದ ಸದ್ದು,
ಯಾವುದೋ ಹಡಗಿನ ಹಸಿದ ಹೊಟ್ಟೆಯ ಗುಡುಗುಡು.
ಒಂದೇ ಒಂದು ಕೂಗೂ ಕಳೆದಿಲ್ಲ.
ಇದನ್ನು ಮೊದಲು ಹೇಳಬೇಕು.

ಉಳಿದದ್ದು ಆಮೇಲೆ:
ಹೆಸರಿಗೆ ಹದಿನಾಲ್ಕೇ ಅಕ್ಷರ,
ಫೈಲು ಎರಡು ಗಿಗಾಬೈಟು ದಾಟಿದರೆ ಮೂರ್ಛೆ,
ಮೂವತ್ತೆಂಟನೇ ಇಸವಿಯ ಜನವರಿಯಲ್ಲೊಂದು ಮಂಗಳವಾರ
ಅದರ ಗಡಿಯಾರ ತಲೆತಿರುಗಿ
ಸಾವಿರದ ಒಂಬೈನೂರ ಒಂದಕ್ಕೆ ಬೀಳುತ್ತದೆ.
ನಾವು ಹಾಕಿದ ತೇಪೆಗಳು ಬೇರೆ.
ಕೌದಿ ಅಂದುಕೊಳ್ಳಿ; ಮೊದಲ ಸೀರೆ ಯಾವುದೆಂದು
ಹೊಲಿದವರಿಗೇ ಈಗ ತಿಳಿಯದು.

ಟೂಯೆಟ್ ಹೊಸದರ ಪಕ್ಷ.
ಅವಳ ಹೆಸರಿಗೆ ಹಿಮವೆಂದೇ ಅರ್ಥವಂತೆ,
ಆದರೂ ಬೆರಳು ಕತ್ತರಿಸಿದ ಕೈಗವಸಿಲ್ಲದೆ ಟೈಪು ಮಾಡಳು.
"ಗೋಡೆ ಒಡೆದೊಡೆದು ಕೋಣೆ ಸೇರಿಸಿದ ಮನೆ ಇದು,
ಬಚ್ಚಲಿಗೆ ಹೋಗಲು ಯಾರದೋ ಮಂಚ ದಾಟಬೇಕು.
ಆರು ತಿಂಗಳು ಕೊಡು."
ತಲೆಯಾಡಿಸಿದೆ.
ಮಧ್ಯಾಹ್ನ ಬ್ರಾಮ್‌ವೆಲ್ ಬಂದ, ಒದ್ದೆ ಕೋಟು ಕೊಡವುತ್ತ:
"ಹೊಸದು ಮೊದಲ ವರ್ಷ ಏನನ್ನಾದರೂ ತಿಂದೇ ತಿನ್ನುತ್ತದೆ.
ಯಾವ ತಿಮಿಂಗಿಲ ಬಡಿಸೋಣ, ಹೇಳು."
ಅದಕ್ಕೂ ತಲೆಯಾಡಿಸಿದೆ.
ಈ ಚಳಿಗಾಲ ಕತ್ತಿಗೆ ಕೆಲಸ ಜಾಸ್ತಿ, ತಲೆಗೆ ಕಡಿಮೆ.

ಶನಿವಾರ ದೋಣಿ ಹತ್ತಿ ಬ್ರೂನಿ ದ್ವೀಪಕ್ಕೆ ಹೋದೆ.
ಎಂಬತ್ತಮೂರರ ಡೆನ್ಝಿಲ್ ಕೋಳಿಗೂಡಿನ ಬಾಗಿಲಿಗೆ
ಹಳೆ ಕೀಲು, ಹೊಸ ಹಲಗೆ ಜೋಡಿಸುತ್ತಿದ್ದರು.
ಕೇಳುವ ಮೊದಲೇ ಉತ್ತರ ಸಿಕ್ಕಿತೆಂದುಕೊಂಡೆ.
ಹಲಗೆ ಕೂರಲಿಲ್ಲ.
ಎರಡನ್ನೂ ಬಿಸಾಕಿ, ಬಾಗಿಲ ಜಾಗಕ್ಕೊಂದು ಕಲ್ಲು ಒರಗಿಸಿ
"ಚಹಾ?" ಅಂದರು.

ನಾನು ಕೇಳಿದ್ದು ಇಷ್ಟೇ: ಮೊದಲ ಬ್ಲಾಕಿನಲ್ಲಿ
ಹದಿನಾರು ಬೈಟು ಖಾಲಿ ಬಿಟ್ಟಿರಲ್ಲ,
'ಮುಂದೆ ಬೇಕಾದೀತು' ಅಂತ ಬರೆದು.
ಏನು ಬೇಕಾದೀತು ಅಂತ?
"ಗೊತ್ತಿದ್ದರೆ ತುಂಬಿಬಿಡುತ್ತಿದ್ದೆ."
ಬಿಸ್ಕತ್ತು ಅದ್ದಿದರು. ಅದು ಮುರಿದು ಮುಳುಗಿತು.
"ಎಷ್ಟು ಉಳಿದಿದೆ?"
ನಾಲ್ಕು, ಅಂದೆ, ನಾಚಿ.
ಹನ್ನೆರಡನ್ನು ನಾವೇ ಮುಗಿಸಿದ್ದೆವು, ವರ್ಷಕ್ಕಿಷ್ಟು,
ಒಬ್ಬೊಬ್ಬರು ಒಂದೊಂದು ತುರ್ತಿಗೆ.
ಉಳಿದದ್ದು ಎಲೆಯ ತುದಿಯಲ್ಲಿ
ಉಪ್ಪು ಬಡಿಸುವಷ್ಟು ಜಾಗ.
ಬೈಯಲಿಲ್ಲ ಅವರು. ಬೈದಿದ್ದರೆ ಚೆನ್ನಾಗಿತ್ತು.
ಮರಳುವ ದೋಣಿಯಲ್ಲಿ ಆ ನಾಲ್ಕನ್ನೇ
ಕಿಸೆಯ ಚಿಲ್ಲರೆಯಂತೆ ಎಣಿಸುತ್ತ ಬಂದೆ.

ಸೋಮವಾರ ಟೂಯೆಟ್‌ಗೆ ಹೇಳಿದೆ: ಶುರುಮಾಡು.
ಬ್ರಾಮ್‌ವೆಲ್‌ಗೆ: ಹಳೆಯದಕ್ಕೆ ಇನ್ನು ಬರೆಯುವುದಿಲ್ಲ, ಓದುವುದಷ್ಟೇ.
ಇಬ್ಬರಿಗೂ ಸಮಾಧಾನವಿಲ್ಲ. ನನಗಿದೆಯೇ?
ಹೊಸದು ಯಾವ ಬ್ಲಾಕಿನಿಂದ ಆರಂಭವೋ ಆ ಸಂಖ್ಯೆಯನ್ನು
ಹಳೆಯದರ ಕೊನೆಯ ನಾಲ್ಕು ಬೈಟಿನಲ್ಲಿ ಬರೆದೆ.
ಸರಿಯಾಗಿ ಹಿಡಿಯಿತು.
ಅಲ್ಲಿಗೆ ಅದು ತುಂಬಿತು.

ಇನ್ನು ಮೊದಲ ಬಲಿ. ತಿಮಿಂಗಿಲ ಬೇಡ ಅಂದೆ.
ಎಲ್ಲಕ್ಕಿಂತ ಹಳೆಯ ಫೈಲು ಹುಡುಕಿದೆವು:
ಹನ್ನೊಂದು ನಿಮಿಷ, ಹೆಸರು 'ಪರೀಕ್ಷೆ'.
ಗಾಳಿ. ಸರಪಳಿಯ ಸದ್ದು. ಮತ್ತೆ ಗಾಳಿ.
ಒಂಬತ್ತನೇ ನಿಮಿಷದಲ್ಲಿ ನಲವತ್ತೇಳರ ಡೆನ್ಝಿಲ್ ಕೆಮ್ಮಿ
ಒಂದು, ಎರಡು, ಮೂರು, ಅಬ್ಬಾ ಚಳಿ, ಅನ್ನುತ್ತಾರೆ.

ನಕಲಿಸಿದೆವು. ಟೂಯೆಟ್ ಎರಡು ಸಲ ತಾಳೆ ನೋಡಿದಳು.
ಮೂರನೇ ಸಲ ನೋಡು, ಅಂದ ಬ್ರಾಮ್‌ವೆಲ್.
ನೋಡುತ್ತಿದ್ದಾಳೆ.